ಮಗಳ ತಲೆಬುರುಡೆಗೆ ಸಣ್ಣ ಬಿರುಕು, ಪಿಐಸಿಯು ಎಸ್ಟಿಮೇಟು: ಒಂದು ಆಸ್ಪತ್ರೆಯ ಎಮರ್ಜೆನ್ಸಿ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಬೆಂಗಳೂರಿನ ದಕ್ಷಿಣದ ಕಡೆ ಇರುವ ದೊಡ್ಡ ಖಾಸಗಿ ಆಸ್ಪತ್ರೆ. ಕೆಳಗೆ ಕಾಫಿ ಶಾಪ್, ಲಿಫ್ಟ್ ಒಳಗೆ ಕೈಕಟ್ಟಿ ನಿಂತ ಡಾಕ್ಟರುಗಳ ಫೋಟೊ, ಬಿಲ್ಲಿಂಗ್ ಕೌಂಟರ್ ಪಕ್ಕ ಗಣೇಶ. ಇಂಥದ್ದು ನಿಮ್ಮ ಏರಿಯಾದಲ್ಲೂ ಒಂದೆರಡು ಇರುತ್ತವೆ, ಯಾವುದು ಅಂತ ಊಹಿಸುತ್ತಾ ಕೂರಬೇಡಿ. ಒಂದು ಶನಿವಾರ ರಾತ್ರಿ ಸುಮಾರು ಐದೂವರೆ ಗಂಟೆ ಕಾಲ ಅಲ್ಲಿದ್ದೆವು. ಏನು ಚೆನ್ನಾಗಿತ್ತು, ಎಲ್ಲಿ ಎಡವಿದರು, 'ಅಡ್ಮಿಟ್ಟಾ, ಮನೆಗಾ' ಅನ್ನುವುದು ಕೊನೆಗೆ ಹೇಗೆ ತೀರ್ಮಾನ ಆಯಿತು ಅಂತ ಬರೆಯುತ್ತೇನೆ.

ತಪ್ಪು ನನ್ನದೇ. ಪುಟ್ಟಿಗೆ ಆಗ 10 ತಿಂಗಳು. ಹೆಂಡತಿ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಅಡುಗೆ ಕಟ್ಟೆ ಮೇಲೆ, ಮಿಕ್ಸಿ ಪಕ್ಕ ಕೂರಿಸಿಕೊಂಡು, ಒಂದು ಕೈಯಲ್ಲಿ ಅವಳ ಕಾಲು ಹಿಡಿದು, ಇನ್ನೊಂದು ಕೈಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಕುಕ್ಕರ್ ಮೂರನೇ ಸೀಟಿ ಹೊಡೆಯಿತು, ಗ್ಯಾಸ್ ಆಫ್ ಮಾಡೋಣ ಅಂತ ಕೈ ಬಿಟ್ಟೆ. ಅಷ್ಟೇ. ಗ್ರಾನೈಟ್ ನೆಲ. ತೆಂಗಿನಕಾಯಿ ಕೈಜಾರಿ ಬಿದ್ದರೆ ಬರುವ ಸದ್ದು ಇದೆಯಲ್ಲ, ಅದೇ ಸದ್ದು. ತಕ್ಷಣ ಅತ್ತಳು, ಅದೊಂದು ಪುಣ್ಯ. ಹತ್ತು ನಿಮಿಷಕ್ಕೆ ಬಲಗಿವಿಯ ಮೇಲೆ ಬುಗುಟೆ ಎದ್ದಿತು. ಅಮ್ಮ ಫೋನಲ್ಲಿ "ಕಾಫಿಪುಡಿ ಒತ್ತೋ, ನಿದ್ದೆ ಮಾತ್ರ ಮಾಡೋಕೆ ಬಿಡಬೇಡ ಕಣೋ" ಅಂದರು. ಭಾವಮೈದ "ತಲೆಗೆ ಪೆಟ್ಟು ಅಂದ್ರೆ ಸೀದಾ ನಿಮ್ಹಾನ್ಸ್ ಭಾವ" ಅಂದ. ನಾನು ಯಾವುದನ್ನೂ ಯೋಚಿಸಲಿಲ್ಲ, ಹತ್ತಿರ ಇದ್ದದ್ದು ಇದು, ಆಟೋ ಹತ್ತಿದೆ.

ಬಿದ್ದದ್ದು 7.10ಕ್ಕೆ, ಎಮರ್ಜೆನ್ಸಿ ಬಾಗಿಲಲ್ಲಿ ಇದ್ದದ್ದು 7.40ಕ್ಕೆ. ಇಲ್ಲಿಂದ ರಿವ್ಯೂ ಶುರು.

ಎಮರ್ಜೆನ್ಸಿಗೆ ಐದಕ್ಕೆ ಐದು. ದುಡ್ಡು ಕಟ್ಟಿ, ಫೈಲ್ ಮಾಡಿಸಿ ಅಂತ ಯಾರೂ ತಡೆಯಲಿಲ್ಲ. ಎರಡು ನಿಮಿಷದಲ್ಲಿ ಮಗು ಬೆಡ್ ಮೇಲೆ, ಬೆರಳಿಗೆ ಕೆಂಪು ಲೈಟಿನ ಕ್ಲಿಪ್. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಪುಟ್ಟಿಯ ಕಣ್ಣಿಗೆ ಟಾರ್ಚ್ ಬಿಟ್ಟರು, ಕೈಕಾಲು ಆಡಿಸಿ ನೋಡಿದರು, ಕಿವಿ ಒಳಗೆ, ಕಿವಿ ಹಿಂದೆ, ಮೂಗಲ್ಲಿ ನೀರು ಬರ್ತಾ ಇದೆಯಾ ಅಂತ ನೋಡಿದರು. ಆಮೇಲೆ ಊತದ ಮೇಲೆ ಬೆರಳ ತುದಿ ಇಟ್ಟು ಮೆಲ್ಲಗೆ ಒತ್ತಿದರು. ನನ್ನ ಬೆರಳನ್ನೂ ಇಡಿಸಿದರು. ಗಟ್ಟಿ ಇರಲಿಲ್ಲ, ಮಾಗಿದ ಸಪೋಟ ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. "ಹಣೆ ಮೇಲೆ ಆಗಿದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ ಸರ್. ಪಕ್ಕದಲ್ಲಿ, ಹಿಂದುಗಡೆ ಹೀಗೆ ಮೆತ್ತಗೆ ಊತ ಬಂದ್ರೆ, ಅದೂ ಒಂದು ವರ್ಷದೊಳಗಿನ ಮಕ್ಕಳಿಗೆ, ಕೆಳಗೆ ಬಿರುಕು ಇರೋ ಚಾನ್ಸ್ ಜಾಸ್ತಿ" ಅಂದರು.

ಎಷ್ಟು ಎತ್ತರದಿಂದ ಬಿದ್ದಳು ಅಂತ ಕೇಳಿದರು. ಸೊಂಟದಷ್ಟು ಅಂದೆ. (ಮಾರನೇ ದಿನ ಟೇಪ್ ಹಿಡಿದು ಅಳೆದೆ, 33 ಇಂಚು. ಎರಡು ವರ್ಷದೊಳಗಿನ ಮಕ್ಕಳಿಗೆ 3 ಅಡಿಗಿಂತ ಮೇಲಿನಿಂದ ಬಿದ್ದರೆ ಅದು ದೊಡ್ಡ ಬೀಳು ಅಂತ ಲೆಕ್ಕವಂತೆ. ಮೂರು ಇಂಚಿನಲ್ಲಿ ಪಾರಾದೆ ಅಂತ ಸಮಾಧಾನ ಮಾಡಿಕೊಳ್ಳುವಷ್ಟು ಪೆದ್ದನಾಗಿದ್ದೆ ಆಗ.) ಆಮೇಲೆ ಅದೇ ಪ್ರಶ್ನೆಯನ್ನು ನರ್ಸ್ ಕೇಳಿದರು, ರಿಜಿಸ್ಟರ್ ಬರೆಯುವವರು ಕೇಳಿದರು, ಹೆಂಡತಿ ಓಡಿಬಂದ ಮೇಲೆ ಅವಳನ್ನು ಬೇರೆ ಕರೆದು ಕೇಳಿದರು. ನನಗೆ ಉರಿಯಿತು. ಏನು, ನಾನೇ ಹೊಡೆದೆ ಅಂದುಕೊಂಡಿದ್ದಾರಾ? ಹೌದು, ಆ ಅನುಮಾನವನ್ನು ಅವರು ಇಟ್ಟುಕೊಳ್ಳಲೇಬೇಕು. ಮಾತು ಬಾರದ ಮಗುವಿನ ತಲೆಬುರುಡೆ ಒಡೆದಿದೆ, ಮನೆಯವರು ಹೇಳುವ ಕತೆ ಪೆಟ್ಟಿಗೆ ಹೊಂದುತ್ತದಾ ಅಂತ ನೋಡುವವರು ಅವರು ಬಿಟ್ಟರೆ ಇನ್ಯಾರೂ ಇಲ್ಲ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ) ಕೂಡ ಮಾಡಿದರು, ಮಾರನೇ ದಿನ ಠಾಣೆಯಿಂದ ಫೋನ್ ಬಂತು, ಎರಡು ನಿಮಿಷದ ಮಾತು ಅಷ್ಟೇ. ಇದಕ್ಕೆ ಸ್ಟಾರ್ ಕಮ್ಮಿ ಮಾಡಬೇಡಿ ದಯವಿಟ್ಟು.

ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅನ್ನುವುದನ್ನೂ ಡಾಕ್ಟರ್ ಬಿಡಿಸಿ ಹೇಳಿದರು. ಪೆಕಾರ್ನ್ ಅಂತ ಒಂದು ಲೆಕ್ಕ ಇದೆ ಅಂದರು. ಆಮೇಲೆ ಹುಡುಕಿ ಓದಿದೆ. ಉತ್ತರ ಅಮೆರಿಕದ 25 ಎಮರ್ಜೆನ್ಸಿಗಳಲ್ಲಿ ತಲೆಗೆ ಪೆಟ್ಟು ಬಿದ್ದು ಬಂದ 42 ಸಾವಿರ ಮಕ್ಕಳನ್ನು ನೋಡಿ, 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಎರಡು ವರ್ಷದೊಳಗಿನ ಮಗು ಮಂಕಾಗಿದ್ದರೆ, ಅಥವಾ ಕೈಗೇ ಬಿರುಕು ಸಿಗುವ ಹಾಗಿದ್ದರೆ ಸಿಟಿ ಮಾಡಿ. ಅದಿಲ್ಲದೆ ಹಣೆ ಬಿಟ್ಟು ಬೇರೆ ಕಡೆ ಊತ, 5 ಸೆಕೆಂಡ್ ಅಥವಾ ಜಾಸ್ತಿ ಎಚ್ಚರ ತಪ್ಪಿದ್ದು, ದೊಡ್ಡ ಬೀಳು, ಅಪ್ಪ ಅಮ್ಮನ ಕಣ್ಣಿಗೆ ಮಗು ಎಂದಿನ ಹಾಗಿಲ್ಲ ಅನ್ನಿಸುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಸಿಟಿ ಮಾಡಬಹುದು ಅಥವಾ ಕೆಲವು ಗಂಟೆ ಕೂರಿಸಿಕೊಂಡು ನೋಡಬಹುದು. ಇದ್ಯಾವುದೂ ಇಲ್ಲದಿದ್ದರೆ ಸ್ಕ್ಯಾನೇ ಬೇಡ, ಆ ಗುಂಪಿನಲ್ಲಿ ಗಂಭೀರ ಪೆಟ್ಟು ಇರುವುದು 10 ಸಾವಿರಕ್ಕೆ ಎರಡಕ್ಕಿಂತ ಕಮ್ಮಿ. ನಮ್ಮದು ನಡುವಿನ ಗುಂಪು. ವಯಸ್ಸು ಕಮ್ಮಿ, ಊತ ಮೆತ್ತಗೆ, ಹಾಗಾಗಿ ಮಾಡೋಣ ಅಂದರು, ನಾವೂ ಹೂಂ ಅಂದೆವು. ಇವತ್ತು ಕೇಳಿದರೂ ಹೂಂ ಅನ್ನುತ್ತೇನೆ.

ಇಲ್ಲಿ ಒಬ್ಬರು ನರ್ಸ್ ಬಗ್ಗೆ ಹೇಳಲೇಬೇಕು. ಕೇರಳದ ಕಡೆಯವರು, ಅರ್ಧಂಬರ್ಧ ಕನ್ನಡ. ಮಗು ಅಲ್ಲಾಡಿದರೆ ಸ್ಕ್ಯಾನ್ ಕೆಡುತ್ತದೆ, ನಿದ್ದೆ ಔಷಧಿ ಕೊಡಬೇಕಾಗಬಹುದು ಅಂತ ಯಾರೋ ಹೇಳುತ್ತಿದ್ದರು. ಇವರು ಡಾಕ್ಟರ್ ಹತ್ತಿರ ಏನೋ ಕೇಳಿಕೊಂಡು ಬಂದು, "ಅಮ್ಮಾ, ಮೊದಲು ಹಾಲು ಕೊಡಿ, ನಿದ್ದೆ ಬಂದ್ರೆ ಇಂಜೆಕ್ಷನ್ ಬೇಡ" ಅಂದರು. ಲೈಟ್ ಕಮ್ಮಿ ಮಾಡಿ, ಪರದೆ ಎಳೆದು, ಪುಟ್ಟಿ ಕಣ್ಣು ಮುಚ್ಚಿದ ಕೂಡಲೆ ಹತ್ತಿ ಬೆಡ್‌ಶೀಟಿನಲ್ಲಿ ಬಾಣಂತಿ ಮನೆಯಲ್ಲಿ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ ಎತ್ತಿಕೊಂಡು ಹೊರಟರು. ಸ್ಕ್ಯಾನ್ ಆಗಿದ್ದೂ ಗೊತ್ತಾಗಲಿಲ್ಲ ಅವಳಿಗೆ. ಬಿಲ್ಲಿನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

9.10ಕ್ಕೆ ರಿಪೋರ್ಟ್. ಬಲಗಡೆ ಪರೈಟಲ್ ಮೂಳೆಯಲ್ಲಿ, ಅಂದರೆ ತಲೆಬುರುಡೆಯ ಪಕ್ಕದ ಮೂಳೆಯಲ್ಲಿ, ಒಂದು ಗೆರೆಯಂಥ ಬಿರುಕು. ಮೂಳೆ ಜರುಗಿಲ್ಲ, ಒಳಗೆ ತಗ್ಗಿಲ್ಲ. ಮೆದುಳಲ್ಲಿ ರಕ್ತಸ್ರಾವ ಇಲ್ಲ. ಪಿಂಗಾಣಿ ಲೋಟಕ್ಕೆ ಒಂದು ಗೆರೆ ಬಿದ್ದಿದೆ, ಲೋಟ ಒಡೆದಿಲ್ಲ ಅನ್ನೋ ಥರ. ಹೆಂಡತಿ ಅಲ್ಲೇ ಕುಸಿದು ಕೂತಳು. ನನಗೆ 'ಫ್ರ್ಯಾಕ್ಚರ್' ಅನ್ನೋ ಪದ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಇಲ್ಲಿಂದ ಮುಂದೆ ಆಸ್ಪತ್ರೆ ಬೇರೆಯೇ ಆಯಿತು. ಅದೇ ಕಟ್ಟಡ, ಅದೇ ಯೂನಿಫಾರಂ, ಆದರೆ ಮಾತಾಡುವವರು ಬದಲಾದರು. ಒಬ್ಬರು ಬಂದು ಎಸ್ಟಿಮೇಟ್ ಹಾಳೆ ಕೈಗಿಟ್ಟರು. ಪಿಐಸಿಯು (ಮಕ್ಕಳ ಐಸಿಯು) 48 ಗಂಟೆ, ರಕ್ತ ಪರೀಕ್ಷೆಗಳ ಒಂದು ಪಟ್ಟಿ, ಬೆಳಿಗ್ಗೆ ಇನ್ನೊಂದು ಸಿಟಿ, ಮೂರು ಸ್ಪೆಷಲಿಸ್ಟ್ ವಿಸಿಟ್, ಒಟ್ಟು 1,12,000 ರೂಪಾಯಿ. ಯಾಕೆ ಪಿಐಸಿಯು ಅಂತ ಕೇಳಿದೆ. "ಹೆಡ್ ಇಂಜುರಿ ಪ್ರೋಟೊಕಾಲ್ ಸರ್." ಬೆಳಿಗ್ಗೆ ಇನ್ನೊಂದು ಸಿಟಿ ಯಾಕೆ? "ಪ್ರೋಟೊಕಾಲ್ ಸರ್." ವಾರ್ಡಲ್ಲಿ ಇಟ್ಟುಕೊಂಡರೆ ಆಗಲ್ವಾ? ಮುಗುಳ್ನಗೆ. "ನಿಮಗೆ ಇನ್ಶೂರೆನ್ಸ್ ಇದೆಯಲ್ಲ ಸರ್, ಯಾಕೆ ಯೋಚನೆ ಮಾಡ್ತೀರಾ?"

ಹೌದು, ಇನ್ಶೂರೆನ್ಸ್ ಇದೆ. ಹೆಂಡತಿಯ ಕಂಪನಿ ಪಾಲಿಸಿ, ಮಗಳ ಹೆಸರೂ ಇದೆ. ಕ್ಯಾಶ್‌ಲೆಸ್ ಅಪ್ರೂವಲ್ ಕೂಡ ಬಂದುಬಿಟ್ಟಿತು. ಒಂದು ಗಂಟೆಯೊಳಗೆ ಕೊಡಬೇಕು ಅಂತ 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಮಾಡಿದೆ, ಒಳ್ಳೆಯದೇ. ಆದರೆ ನೋಡಿ ಹೇಗಿದೆ ಕತೆ: ಮಗುವಿಗೆ ಪಿಐಸಿಯು ಬೇಕಾ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಬರುವ ಮೊದಲೇ ಪಿಐಸಿಯುಗೆ ದುಡ್ಡು ಬಂದಿತ್ತು. ಟಿಪಿಎ ಡೆಸ್ಕಿನ, ಅಂದರೆ ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಡೆಸ್ಕಿನ ಹುಡುಗ ಮಾತ್ರ ನಿಯತ್ತಿನ ಮನುಷ್ಯ, ಕೇಳಿದ್ದಕ್ಕೆ ನೇರ ಹೇಳಿದ. 24 ಗಂಟೆ ದಾಖಲಾಗಿದ್ದರೆ ಕ್ಲೇಮ್ ಆಗುತ್ತದೆ. ನಾಲ್ಕಾರು ಗಂಟೆ ನೋಡಿಕೊಂಡು ಮನೆಗೆ ಹೋದರೆ ಆಗಲ್ಲ, ಪೂರ್ತಿ ಕೈಯಿಂದ. ಅಂದರೆ ಲಕ್ಷ ರೂಪಾಯಿ ದಾರಿಯಲ್ಲಿ ಹೋದರೆ ನಮಗೆ ಬಿಟ್ಟಿ, ಹದಿನೆಂಟು ಸಾವಿರದ ದಾರಿಯಲ್ಲಿ ಹೋದರೆ ನಮ್ಮ ಜೇಬು. ಇನ್ನೊಂದು ವಿಷಯ ಆತ ಹೇಳಲಿಲ್ಲ, ನಾನೇ ಪಾಲಿಸಿ ಪುಸ್ತಕದಲ್ಲಿ ಆಮೇಲೆ ನೋಡಿದ್ದು: ಬರೀ ಪರೀಕ್ಷೆ, ತಪಾಸಣೆಗೆ ಅಂತ ಅಡ್ಮಿಟ್ ಆಗಿದ್ದರೆ ಆ ಖರ್ಚು ಕೊಡುವುದಿಲ್ಲ ಅಂತ ಒಂದು ಸ್ಟ್ಯಾಂಡರ್ಡ್ ಎಕ್ಸ್‌ಕ್ಲೂಷನ್ ಇದೆ, 04 ಅಂತ ಅದರ ನಂಬರ್. ಎರಡು ದಿನ ಇದ್ದ ಮೇಲೂ ಅದನ್ನು ಹಿಡಿದು ಜಗ್ಗಾಡಬಹುದಿತ್ತು. ನಿಮ್ಮದರಲ್ಲೂ ಇರುತ್ತದೆ, ಒಮ್ಮೆ ತೆಗೆದು ನೋಡಿ.

ಆ ಹೊತ್ತಲ್ಲಿ ತಲೆ ಓಡುವುದಿಲ್ಲ. ನಾನು ಸಹಿ ಹಾಕಲು ಪೆನ್ ತೆಗೆದಿದ್ದೆ. ತಡೆದವಳು ಹೆಂಡತಿ. ಅವಳು ಕೇಳಿದ್ದು ದುಡ್ಡಲ್ಲ. "ರಾತ್ರಿ ಹಾಲು ಹೇಗೆ ಕೊಡ್ಲಿ?" ಪಿಐಸಿಯು ಒಳಗೆ ತಾಯಿ ಇರುವ ಹಾಗಿಲ್ಲ, ಮೂರು ಗಂಟೆಗೊಮ್ಮೆ ಕರೆಯುತ್ತೇವೆ ಅಂದರು. ಹತ್ತು ತಿಂಗಳ ಮಗುವನ್ನು ಅಮ್ಮನಿಂದ ಕಿತ್ತು ಇಟ್ಟರೆ ಅದು ರಾತ್ರಿಯೆಲ್ಲ ಅಳುತ್ತದೆ. ಅಳುತ್ತಿರುವುದು ತಲೆನೋವಿಗಾ, ಅಮ್ಮನಿಗಾ ಅಂತ ಯಾವ ಮಾನಿಟರ್ ಹೇಳುತ್ತದೆ? "ನೀವು ಸುಮ್ನಿರಿ, ಪೆನ್ ಒಳಗಿಡಿ" ಅಂದವಳೇ ನಮ್ಮ ಲಸಿಕೆ ಡಾಕ್ಟರಿಗೆ ಫೋನ್ ಹಚ್ಚಿದಳು. ಅವರು ಬಡಾವಣೆಯ ಹಳೇ ಕ್ಲಿನಿಕ್ಕಿನವರು, ಮಾತು ಕಮ್ಮಿ. ರಿಪೋರ್ಟ್ ಓದಿಸಿ ಕೇಳಿದರು. "ಮಗೂನ ನೋಡ್ದೆ ಫೋನಲ್ಲಿ ನಾನು ತೀರ್ಮಾನ ಹೇಳಲ್ಲಮ್ಮ. ನ್ಯೂರೋಸರ್ಜನ್ ಬಂದು ಮಗು ಮುಟ್ಟಿ ನೋಡ್ದೆ ಎಲ್ಲೂ ಸೈನ್ ಮಾಡಬೇಡಿ, ಅಷ್ಟೇ." ಇಟ್ಟೇಬಿಟ್ಟರು. ಆ ರಾತ್ರಿಯ ಅತ್ಯಂತ ಕೆಲಸಕ್ಕೆ ಬಂದ ಮಾತು ಅದು.

ನ್ಯೂರೋಸರ್ಜನ್ ಬರುವಾಗ 10.30. ಐವತ್ತರ ಮೇಲೆ ವಯಸ್ಸು, ಶರ್ಟಿನ ಜೇಬಲ್ಲಿ ಓದುವ ಕನ್ನಡಕ. ಫೈಲ್ ನೋಡಲಿಲ್ಲ, ಮೊದಲು ಮಗು ನೋಡಿದರು. ಕೀಗೊಂಚಲು ಮುಂದೆ ಆಡಿಸಿದರು. ಪುಟ್ಟಿ ಹಿಡಿದು ಸೀದಾ ಬಾಯಿಗೆ ಹಾಕಿಕೊಂಡಳು. "ಒಳ್ಳೇ ಲಕ್ಷಣ" ಅಂದರು. ಆಮೇಲೆ ಸಿಟಿ ಚಿತ್ರ ತೆರೆದು ಬಿರುಕಿನ ಗೆರೆ ತೋರಿಸಿದರು, ಅದರ ಪಕ್ಕ ಹುಟ್ಟಿದಾಗಿನಿಂದ ಇರುವ ಮೂಳೆಯ ಸೇರಿಕೆ ಯಾವುದು ಅಂತಲೂ ತೋರಿಸಿದರು.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ನನಗೆ ಆಶ್ಚರ್ಯ. ಮನೆ ಎಷ್ಟು ದೂರ? ರಾತ್ರಿ ಎರಡು ಗಂಟೆಗೆ ಬರಬೇಕು ಅಂದ್ರೆ ಗಾಡಿ ಇದೆಯಾ? ಲಿಫ್ಟ್ ಇರೋ ಮನೆಯಾ? ಮನೆಯಲ್ಲಿ ಎಷ್ಟು ಜನ ದೊಡ್ಡವರು? ಇವತ್ತು ಎಷ್ಟು ಸಲ ವಾಂತಿ? (ಒಂದೇ ಸಲ, ಆಟೋದಲ್ಲಿ.) ನಾವು ತೀರ್ಥಹಳ್ಳಿ ಅಜ್ಜಿ ಮನೆಯಲ್ಲಿದ್ದಿದ್ದರೆ ಏನು ಮಾಡ್ತಿದ್ರಿ ಅಂತ ಹೆಂಡತಿ ಕೇಳಿದಳು. "ಆಗ ಖಂಡಿತ ರಾತ್ರಿ ಇಟ್ಕೊಳ್ತಿದ್ದೆ. ಬಿರುಕು ಅದೇ, ರಸ್ತೆ ಬೇರೆ."

ಅವರು ಹೇಳಿದ್ದು ಇಷ್ಟು. ಒಂದೇ ಗೆರೆ, ಮೂಳೆ ಒಳಗೆ ಹೋಗಿಲ್ಲ, ಕೆಳಗೆ ರಕ್ತ ಇಲ್ಲ, ಮಗು ಆಡುತ್ತಿದೆ, ಹಾಲು ಕುಡಿಯುತ್ತಿದೆ, ಬಿದ್ದ ಕತೆಗೂ ಪೆಟ್ಟಿಗೂ ತಾಳೆ ಇದೆ. ಇಷ್ಟೂ ಸರಿ ಇದ್ದರೆ ಪಿಐಸಿಯು ಬೇಡ, ಎರಡನೇ ಸಿಟಿ ಬೇಡ. ಬಿದ್ದಲ್ಲಿಂದ ಆರು ಗಂಟೆ ಇಲ್ಲೇ ಇರಿ, ನಾನು ಹೋಗುವ ಮೊದಲು ಇನ್ನೊಮ್ಮೆ ನೋಡ್ತೀನಿ. ಇದರಲ್ಲಿ ಒಂದು ತಪ್ಪಿದರೂ, ಮೂಳೆ ತಗ್ಗಿದ್ದರೆ, ಗಾಯ ತೆರೆದಿದ್ದರೆ, ಬಿರುಕು ತಲೆಬುರುಡೆಯ ಬುಡದ ಕಡೆ ಹೋಗಿದ್ದರೆ, ಮತ್ತೆ ಮತ್ತೆ ವಾಂತಿ ಇದ್ದರೆ, ಈ ಮಾತು ಲೆಕ್ಕಕ್ಕಿಲ್ಲ, ಅಡ್ಮಿಟ್ಟೇ.

ಆಮೇಲೆ ಓದಿದ್ದರಲ್ಲಿ ಅವರ ಮಾತಿಗೆ ಆಧಾರ ಸಿಕ್ಕಿತು. 2018ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದಾರೆ, ಇಂಥ ಬರೀ ಬಿರುಕಿನ 6,000ಕ್ಕೂ ಹೆಚ್ಚು ಮಕ್ಕಳು. ತುರ್ತಾಗಿ ತಲೆ ಆಪರೇಷನ್ ಬೇಕಾದದ್ದು ಒಂದೇ ಮಗುವಿಗೆ. ಯಾರೂ ಸತ್ತಿಲ್ಲ. ಆದರೂ ಹತ್ತರಲ್ಲಿ ಎಂಟು ಮಕ್ಕಳನ್ನು ಅಡ್ಮಿಟ್ ಮಾಡಿದ್ದರು. ಅಂದರೆ ಹೆದರಿಕೆ ನಮ್ಮ ಊರಿನದ್ದು ಮಾತ್ರ ಅಲ್ಲ. ಬಿಲ್ಲಿಂಗಿನವರ ಆಸೆ ಅಂತ ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ, ಯಾವ ಡ್ಯೂಟಿ ಡಾಕ್ಟರ್ ತಾನೇ ಆ ಒಂದು ಮಗು ನನ್ನ ಸಹಿಯಲ್ಲಿ ಮನೆಗೆ ಹೋಗಲಿ ಅಂತಾರೆ? ನನ್ನ ತಕರಾರು ಇಷ್ಟೇ: ಹೆದರಿಕೆ ಇದ್ದರೆ ಹೆದರಿಕೆ ಅಂತ ಹೇಳಿ, ಒಂದು ರಾತ್ರಿ ವಾರ್ಡಲ್ಲಿ ತಾಯಿ ಪಕ್ಕ ಇರಲಿ ಅನ್ನಿ, ನಾವೇ ಉಳಿಯುತ್ತಿದ್ದೆವು. ಅದಕ್ಕೆ ಪ್ರೋಟೊಕಾಲ್ ಅಂತ ಹೆಸರಿಟ್ಟು ಲಕ್ಷದ ಹಾಳೆ ಕೊಡಬೇಡಿ.

ರಾತ್ರಿ ಒಂದು ಗಂಟೆಯವರೆಗೆ ಎಮರ್ಜೆನ್ಸಿಯ ಮೂಲೆ ಬೆಡ್ಡಿನಲ್ಲಿ ಕೂತೆವು. ಅರ್ಧ ಗಂಟೆಗೊಮ್ಮೆ ಅದೇ ನರ್ಸ್ ಬಂದು ಟಾರ್ಚ್ ಬಿಟ್ಟು ಬರೆದುಕೊಂಡು ಹೋಗುತ್ತಿದ್ದರು. ಪುಟ್ಟಿ ಮಲಗಿದಳು. ನಿದ್ದೆ ಮಾಡಿಸಬಾರದು ಅನ್ನುವುದು ಸುಳ್ಳಂತೆ. ಮಲಗಲಿ, ಮಧ್ಯೆ ಮಧ್ಯೆ ತಟ್ಟಿ ನೋಡಿ, ಮುಖ ಸಿಂಡರಿಸಿಕೊಂಡು ರೇಗಿದರೆ ಚೆನ್ನಾಗಿದ್ದಾಳೆ ಅಂತ ಅರ್ಥ ಅಂದರು. ಎಸಿ ಮಾತ್ರ ವಿಪರೀತ, ನೀರಿನ ಕ್ಯಾನ್ ಖಾಲಿ, ಕೂರಲು ಒಂದೇ ಸ್ಟೂಲ್. ಕೆಳಗಿನ ಕಾಫಿ 140 ರೂಪಾಯಿ, ತಣ್ಣಗಿತ್ತು.

ಹೊರಡುವಾಗ ಬಿಲ್ಲಿಂಗಿನಿಂದ ಒಂದು ಫಾರಂ ಬಂತು, 'ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ' ಅಂತ. ಸಹಿ ಹಾಕಿದ್ದರೆ ಎಲ್ಲ ಜವಾಬ್ದಾರಿ ನಮ್ಮ ತಲೆಗೆ. ಇದನ್ನು ಗಮನಿಸಿ, ತುಂಬಾ ಜನ ಅವಸರದಲ್ಲಿ ಒತ್ತಿಬಿಡುತ್ತಾರೆ. ಸಲಹೆ ಕೊಟ್ಟಿದ್ದೇ ಡಾಕ್ಟರ್, ವಿರುದ್ಧ ಹೇಗೆ ಆಗುತ್ತದೆ ಅಂತ ಹೆಂಡತಿ ಜಗಳಕ್ಕೆ ನಿಂತಳು. ಸರ್ಜನ್ ಫಾರಂ ತೆಗೆದು ಪಕ್ಕಕ್ಕಿಟ್ಟು, ತಮ್ಮ ಕೈಯಲ್ಲೇ ಡಿಸ್ಚಾರ್ಜ್ ಬರೆದರು. ಎರಡಕ್ಕಿಂತ ಜಾಸ್ತಿ ವಾಂತಿ, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಕಿವಿ ಮೂಗಲ್ಲಿ ನೀರಿನಂಥದ್ದು, ಸಮಾಧಾನವೇ ಆಗದ ಅಳು, ಒಂದು ಕೈಯೋ ಕಾಲೋ ಕಮ್ಮಿ ಆಡಿಸುವುದು, ಯಾವುದೇ ಕಂಡರೂ ಫೋನ್ ಮಾಡುತ್ತಾ ಕೂರದೆ ಸೀದಾ ಬನ್ನಿ, ಗಾಡಿ ಇಲ್ಲದಿದ್ದರೆ 108. ನೋವಿಗೆ ತೂಕ ನೋಡಿ ಪ್ಯಾರಸಿಟಮಾಲ್ ಹನಿ. ಬೇರೇನೂ ಇಲ್ಲ. ತಲೆಬುರುಡೆಗೆ ಪಟ್ಟಿ ಇಲ್ಲ, ಪ್ಲಾಸ್ಟರ್ ಇಲ್ಲ, ಅದೇ ಕೂಡಿಕೊಳ್ಳುತ್ತದೆ.

ಒಂದು ಮಾತು ಮೊದಲೇ ಹೇಳಿದ್ದು ನಮ್ಮನ್ನು ಕಾಪಾಡಿತು: ನಾಳೆ ನಾಡಿದ್ದು ಊತ ಇನ್ನೂ ಮೆತ್ತಗೆ, ನೀರು ತುಂಬಿದ ಬಲೂನಿನ ಹಾಗೆ ಆಗಬಹುದು, ಹೆದರಬೇಡಿ, ರಕ್ತ ಕರಗುವ ರೀತಿ ಅದು ಅಂತ. ಸೋಮವಾರ ಹಾಗೇ ಆಯಿತು. ಹೇಳಿರದಿದ್ದರೆ ಅವತ್ತೇ ಪಿಐಸಿಯುಗೆ ನಾನೇ ಓಡುತ್ತಿದ್ದೆ.

ವಾರದ ಮೇಲೆ ಒಂದು ಸಲ, ಎರಡು ತಿಂಗಳ ಮೇಲೆ ಇನ್ನೊಂದು ಸಲ ತೋರಿಸಿದೆವು. ಎರಡನೆಯದು ಯಾಕೆ ಅಂದರೆ, ಮೂರು ವರ್ಷದೊಳಗಿನ ಮಕ್ಕಳಲ್ಲಿ ತೀರಾ ಅಪರೂಪಕ್ಕೆ, ನೂರರಲ್ಲಿ ಒಂದಕ್ಕಿಂತ ಕಮ್ಮಿ, ಬಿರುಕು ಕೂಡುವ ಬದಲು ಅಗಲ ಆಗುತ್ತಾ ಹೋಗುತ್ತದಂತೆ. ಊತ ಇಳಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಉಬ್ಬಿದರೆ ಅನುಮಾನ ಪಡಬೇಕು. ನಮ್ಮವಳದ್ದು ಬೆರಳಿಗೆ ಏನೂ ಸಿಗುವುದಿಲ್ಲ ಈಗ. ಡಾಕ್ಟರ್ ಸ್ಕ್ಯಾನ್ ಬರೆಯಲಿಲ್ಲ, ಬೆರಳಲ್ಲೇ ನೋಡಿ ಕಳಿಸಿದರು.

ಹಾಗಾದರೆ ಎಷ್ಟು ಸ್ಟಾರ್? ಎಮರ್ಜೆನ್ಸಿ ಡಾಕ್ಟರಿಗೆ, ಆ ನರ್ಸಿಗೆ, ಸರ್ಜನ್‌ಗೆ ಐದು. ಎಸ್ಟಿಮೇಟ್ ಹಾಳೆಗೆ ಒಂದು. ಕಾಫಿಗೆ ಅದೂ ಇಲ್ಲ. ಆಸ್ಪತ್ರೆಯವರು ಕಳಿಸಿದ ಲಿಂಕಿನಲ್ಲಿ ಒಟ್ಟು ಮೂರು ಒತ್ತಿದೆ. ಎರಡು ದಿನ ಬಿಟ್ಟು ಕಸ್ಟಮರ್ ಕೇರ್‌ನಿಂದ ಯಾಕೆ ಮೂರು ಸರ್ ಅಂತ ಫೋನ್ ಬಂತು. ಹದಿನೈದು ನಿಮಿಷ ಇದೇ ಕತೆ ಹೇಳಿದೆ. "ನೋಟ್ ಮಾಡ್ಕೊಂಡಿದೀನಿ ಸರ್" ಅಂದರು. ಇನ್ನೊಮ್ಮೆ ಬೇಕಾದರೆ ಅಲ್ಲಿಗೇ ಹೋಗುತ್ತೇನಾ? ಹೋಗುತ್ತೇನೆ. ಆದರೆ ಹೆಂಡತಿ ಇಲ್ಲದೆ ಹೋಗುವುದಿಲ್ಲ.

ಕೊಟ್ಟದ್ದು 18,400 ರೂಪಾಯಿ. ಸುಮ್ನೆ ನೋಡೋಣ ಅಂತ ಕ್ಲೇಮ್ ಹಾಕಿದ್ದೆ. ಮೊನ್ನೆ ಪತ್ರ ಬಂತು, ರೋಗಿಯು 24 ಗಂಟೆ ದಾಖಲಾಗಿರದ ಕಾರಣ ತಿರಸ್ಕರಿಸಲಾಗಿದೆ ಅಂತ. ಸಿಟಿ ಫಿಲ್ಮ್ ಇರುವ ಕವರಿನಲ್ಲೇ ಅದನ್ನೂ ಸೇರಿಸಿ ಬೀರು ಮೇಲೆ ಇಟ್ಟಿದ್ದೇನೆ. ಮಿಕ್ಸಿ ಪಕ್ಕದ ಜಾಗದಲ್ಲಿ ಈಗ ಅಕ್ಕಿ ಡಬ್ಬ ಇದೆ.